ಮುರಿಯೋದಿಲ್ಲ ಅಂದಿದ್ದ ಉಗುರು

ಪಾಯಸದಲ್ಲಿ ಉಗುರು ಸಿಕ್ಕಿತು.

ಕೂದಲು ಸಿಕ್ಕಿದ್ದರೆ ಅದಕ್ಕೊಂದು ಅಂಕಣ ಯಾರು ಬರೆಯುತ್ತಾರೆ? ಇದು ಉಗುರು. ಗುಲಾಬಿ ಬಣ್ಣದ್ದು, ಮೇಲೆ ಬೆಳ್ಳಿ ಚುಕ್ಕಿ. ಮೂಡಲಗಿಯ ಸವಿತಕ್ಕನ (ಹೆಸರು ಬದಲಿಸಿದ್ದೇನೆ, ಊರು ಬದಲಿಸಿಲ್ಲ) ನಿಶ್ಚಯದ ಊಟ ನಡೆದಿತ್ತು. ಹುಕ್ಕೇರಿಯಿಂದ ಬಂದಿದ್ದ ಗಂಡಿನ ಅಕ್ಕ ಶ್ಯಾವಿಗೆ ಪಾಯಸ ಕುಡಿಯುತ್ತಾ ಬಾಯಿಂದ ಏನನ್ನೋ ಹೊರಗೆ ತೆಗೆದಳು. ಮೊದಲು ಬಾದಾಮಿ ಅಂದುಕೊಂಡಳಂತೆ. ಎರಡು ಸಲ ಕಡಿದೂ ನೋಡಿದಳಂತೆ. (ಕಾಲೇಜಿನಲ್ಲಿ ನಾನು ಆರು ಸಲ ಅಂತ ಹೇಳಿದ್ದೆ. ಎರಡು ಸಲಕ್ಕೆ ಯಾರು ನಗುತ್ತಾರೆ?) ಆಮೇಲೆ ಅದನ್ನು ತಾಟಿನ ಅಂಚಿಗಿಟ್ಟು, ಬಡಿಸುತ್ತಿದ್ದ ಸವಿತಕ್ಕನ ಕೈಯನ್ನು ನೋಡಿದಳು.

ಹತ್ತು ಬೆರಳು. ಒಂಬತ್ತು ಉಗುರು.

ಅವತ್ತು ಸಂಜೆಯೊಳಗೆ ಈ ಸುದ್ದಿ ಹುಕ್ಕೇರಿ ಮುಟ್ಟಿತ್ತು. ‘ಹೊಸ ಸೊಸೆ ಪಾಯಸಕ್ಕೆ ಏನೇನು ಹಾಕುತ್ತಾಳೆ ಗೊತ್ತೇನು’ ಅಂತ ಅಲ್ಲಿ ಮಾತಾಡಿಕೊಂಡರಂತೆ. ಸವಿತಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ಉಗುರು ಹಾಕಿದ್ದು ನನ್ನ ಮೌಶಿ. ಅವ್ವನ ತಂಗಿ, ಗೋಕಾಕದಲ್ಲಿ ಪಾರ್ಲರ್ ಇಟ್ಟಿದ್ದಾಳೆ. ನಾನು ಕೊಣ್ಣೂರಿಂದ ಗೋಕಾಕದ ಕಾಲೇಜಿಗೆ ಬರುವವಳು, ಕ್ಲಾಸ್ ಮುಗಿದ ಮೇಲೆ ಅವಳ ಹತ್ತಿರ ಕೆಲಸ ಕಲಿಯುವವಳು. ‘ಕಲಿಯಾಕ ಬರ್ತಾಳ’ ಅಂತ ಮೌಶಿ ಹೇಳುತ್ತಾಳೆ. ನಾನು ಮಾತ್ರ ನನ್ನ ಪ್ರೊಫೈಲ್‌ನಲ್ಲಿ ‘ನೇಲ್ ಆರ್ಟಿಸ್ಟ್’ ಅಂತ ಬರೆದುಕೊಂಡಿದ್ದೆ.

ಕೃತಕ ಉಗುರು ಮುರಿಯದಿರಲು ಏನು ಮಾಡಬೇಕು ಅಂತ ಸಾವಿರ ರೀಲ್‌ಗಳಿವೆ. ಕೀಬೋರ್ಡ್ ಮೆಲ್ಲಗೆ ಒತ್ತಿ ಅನ್ನುತ್ತಾರೆ. ನಮ್ಮ ಕಸ್ಟಮರ್‌ಗಳಿಗೆ ಕೀಬೋರ್ಡ್ ಎಲ್ಲಿಯದು? ಅವರು ಜೋಳದ ರೊಟ್ಟಿ ಬಡಿಯುತ್ತಾರೆ. ಪರಾತಕ್ಕೆ ಅಂಟಿ ಒಣಗಿದ ಹಿಟ್ಟನ್ನು ಉಗುರಿನಿಂದಲೇ ಕೆರೆಯುತ್ತಾರೆ. ಶೇಂಗಾ ಸುಲಿಯುತ್ತಾರೆ. ಒಬ್ಬಳು ಎರಡು ತಾಸು ಕೂತು ಉಗುರು ಹಾಕಿಸಿಕೊಂಡು ಹೋದವಳು, ಅದೇ ಉಗುರಿನಿಂದ ಎಮ್ಮೆಯ ಕಿವಿಯೊಳಗಿನ ಉಣ್ಣಿ ಕಿತ್ತಳು. ಮಾರನೆಯ ದಿನ ಬಂದು ಜಗಳ ತೆಗೆದಳು. (ಎಮ್ಮೆಗೆ ಏನೂ ಆಗಿರಲಿಲ್ಲ.)

ಅದಕ್ಕೇ ಮೌಶಿ ಕಸ್ಟಮರ್ ಬಂದ ಕೂಡಲೇ ಬಣ್ಣ ಕೇಳುವುದಿಲ್ಲ. ಮುಂದಿನ ಹದಿನೈದು ದಿನ ಈ ಕೈ ಏನು ಕೆಲಸ ಮಾಡುತ್ತದೆ ಅಂತ ಕೇಳುತ್ತಾಳೆ. ರೊಟ್ಟಿ ಅಂದರೆ ಉದ್ದ ಅರ್ಧಕ್ಕೆ ಇಳಿಯುತ್ತದೆ. ಸ್ವಂತ ಉಗುರಿನ ಹೊಳಪನ್ನು ಮೆಲ್ಲಗೆ ಉಜ್ಜಿ ತೆಗೆಯುತ್ತಾಳೆ, ಎಣ್ಣೆಯ ಅಂಶ ಉಳಿಯದ ಹಾಗೆ ಒರೆಸುತ್ತಾಳೆ, ಉಗುರು ಕಟ್ಟುವ ಜೆಲ್ ಚರ್ಮಕ್ಕೆ ತಾಗಬಾರದು. ಉಗುರಿನ ತುದಿಯ ಅಂಚಿಗೂ ಹಚ್ಚಿ ಮುಚ್ಚುತ್ತಾಳೆ, ಇಲ್ಲದಿದ್ದರೆ ಒಡಕು ಅಲ್ಲಿಂದಲೇ ಶುರು. ಉಗುರು ಎದ್ದರೆ ಕೀಳಬೇಡಿ, ಅಂಟು ಹಚ್ಚಬೇಡಿ, ನನ್ನ ಹತ್ತಿರ ಬನ್ನಿ ಅಂತ ಬಾಗಿಲವರೆಗೂ ಹೋಗಿ ಹೇಳುತ್ತಾಳೆ.

ಮದುವೆ ಹೆಣ್ಣಿಗೆ ಇನ್ನೊಂದು ನಿಯಮವಿದೆ. ಬಳೆ ಇಡಿಸುವುದು, ಅರಿಶಿನ, ಎರಡೂ ಮುಗಿಯಬೇಕು. ಉಗುರು ಕೊನೆಗೆ. ಅರಿಶಿನದ ಜೊತೆ ಎಣ್ಣೆ ಇರುತ್ತದೆ, ಅದು ಉಗುರನ್ನು ಬಿಡಿಸುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಬಳೆ ಯಾಕೆ ಮೊದಲು ಅಂತ ನಾನು ಯಾವತ್ತೂ ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಅಂತ ಗೊತ್ತಾಗುತ್ತಿತ್ತಲ್ಲ?

ಮದುವೆಗೆ ನಾಲ್ಕು ದಿನ ಇರುವಾಗ ಸವಿತಕ್ಕ ಫೋನ್ ಮಾಡಿದಳು. ಬಳೆ ಇಡಿಸುವ ದಿನ ಹುಕ್ಕೇರಿಯ ಹೆಂಗಸರು ಬರುತ್ತಾರೆ, ಪಾಯಸದ ಆ ನಾದಿನಿಯೂ ಬರುತ್ತಾಳೆ, ಅವಳ ಮುಂದೆ ಹತ್ತು ಬೆರಳಿಗೂ ಉಗುರು ಇರಲೇಬೇಕು ಅಂದಳು. ಮೌಶಿ ಒಪ್ಪಲಿಲ್ಲ. ಬಳೆ ಇಡಿಸುವ ದಿನ ಬೆಳಿಗ್ಗೆ ನನ್ನನ್ನು ಮೂಡಲಗಿಗೆ ಕಳಿಸಿದ್ದು ಬೆರಳಿನ ಅಳತೆ ತೆಗೆದುಕೊಂಡು ಬರಲು ಮಾತ್ರ.

ನಾನು ಅಳತೆ ಪಟ್ಟಿಯ ಜೊತೆಗೆ, ಉಗುರನ್ನು ಗಟ್ಟಿ ಮಾಡುವ ಅಕ್ರಿಲಿಕ್ ಪುಡಿಯ ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡೆ.

ಮೌಶಿ ಒಂದು ಪದರ ಹಾಕುವಲ್ಲಿ ನಾನು ಮೂರು ಹಾಕಿದೆ. ಬೆರಳಿನ ತುದಿಯಿಂದ ಒಂದು ಇಂಚು ಹೊರಗೆ, ಮೇಲೆ ಅದೇ ಬೆಳ್ಳಿ ಚುಕ್ಕಿ. ಉಗುರುಗಳಲ್ಲ ಅವು, ಪೈಲ್ವಾನರು. ಒಂದನ್ನು ಬಾಗಿಲ ಚೌಕಟ್ಟಿಗೆ ಬಡಿದು ತೋರಿಸಿದೆ, ಟಕ್ ಅಂತ ಸದ್ದು ಬಂತು. ಇದರಿಂದ ಕಬ್ಬು ಕಡಿಯಬಹುದು ಅಂದೆ. ಸವಿತಕ್ಕ ನಕ್ಕಳು. ನಿಶ್ಚಯ ಆದಮೇಲೆ ಅವಳು ನಕ್ಕಿದ್ದು ಅದೇ ಮೊದಲು ಅಂತ ಅವಳ ಆಯಿ (ಅಜ್ಜಿ) ಹೇಳಿದಳು. ಆ ಮಾತು ಕೇಳಿ ನಾನು ಇನ್ನಷ್ಟು ಉಬ್ಬಿದೆ. ಗ್ಯಾರಂಟಿ ಕೊಡುತ್ತೇನೆ, ಇವು ಮುರಿದರೆ ನನ್ನ ಹೆಸರು ಬದಲಿಸಿಕೊಳ್ಳುತ್ತೇನೆ ಅಂದೆ.

ಮಧ್ಯಾಹ್ನ ಬಳೆಗಾರ ಮಲ್ಲಪ್ಪ ಕಾಕಾ ಬಂದರು. ಗೋಕಾಕದ ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ ಇದೆ. ಆದರೆ ಮೂಡಲಗಿಯ ಆ ಓಣಿಗೆ ಅವರೇ ಹೋಗಿ ಬಳೆ ಇಡಬೇಕು. ಅವರ ಅಪ್ಪನ ಕಾಲದಿಂದ ಬಂದ ವಾಡಿಕೆ. ಸವಿತಕ್ಕನ ಅವ್ವನಿಗೆ ಮದುವೆಯ ಬಳೆ ಇಟ್ಟದ್ದೂ ಅವರೇ. ಹಸಿರು ಗಾಜಿನ ಬಳೆ ಬಿಗಿಯಾಗಿ ಕೂತಷ್ಟೂ ಒಳ್ಳೆಯದು ಅಂತ ನಮ್ಮಲ್ಲಿ ಲೆಕ್ಕ. ಅದಕ್ಕೆ ಬಳೆಗಾರ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಇಡೀ ಕೈಯನ್ನು ಹಿಂಡಿ, ಮೂಳೆ ಕರಗಿಸಿದಂತೆ ಮಾಡಿ ಬಳೆ ದಾಟಿಸುತ್ತಾನೆ. ನೋಡಲು ಜಾದೂ ಇದ್ದ ಹಾಗೆ ಇರುತ್ತದೆ. ನಾನು ಫೋನನ್ನು ತಂಬಿಗೆಗೆ ಆನಿಸಿ ರೆಕಾರ್ಡಿಂಗ್ ಒತ್ತಿದೆ. ರೀಲ್ ಬೇಕಲ್ಲ?

ಕಾಕಾ ಸವಿತಕ್ಕನ ಬಲಗೈ ಹಿಡಿದವರು, ಹೆಬ್ಬೆರಳ ಉಗುರನ್ನು ಒತ್ತಿ ನೋಡಿ, ಕೈ ಕೆಳಗಿಟ್ಟರು. ಇದನ್ನು ಹಾಕಿದ್ದು ಯಾರು ಅಂತ ಕೇಳಿದರು. ನಾನು ಮುಂದೆ ಬಂದೆ.

“ಮುರಿಯೂದಿಲ್ರಿ ಕಾಕಾ, ನೀವ್ ಆರಾಮ ಇಡ್ರಿ,” ಅಂದೆ.

“ಅದನ್ನ ಹೇಳಾಕತ್ತೇನಿ ತಂಗಿ. ಬಗ್ಗೂದೂ ಇಲ್ಲ, ಮುರಿಯೂದೂ ಇಲ್ಲ. ಹೆಬ್ಬಟ್ಟಿಂದರ ಒಂದಿಷ್ಟ ತಗದ ಕೊಡ.”

ಕಡಿದು ಚಿಕ್ಕದು ಮಾಡಲು ನನಗೆ ಐದು ನಿಮಿಷ ಸಾಕಿತ್ತು. ಉಗುರು ಉಜ್ಜುವ ಫೈಲ್ ಬ್ಯಾಗಿನಲ್ಲೇ ಇತ್ತು. ಆದರೆ ಆಗಲೇ ಆ ನಾದಿನಿ, ಎಲ್ಲರಿಗೂ ಕೇಳುವ ಹಾಗೆ, “ತಗೀಬ್ಯಾಡ್ರಿ ಕಾಕಾ. ಹೋದ ಸಲ ಪಾಯಸದಾಗ ಸಿಕ್ಕಿತ್ತು, ಈ ಸಲ ಬಳ್ಯಾಗ ಸಿಗಲಿ,” ಅಂದಳು. ಹೆಂಗಸರೆಲ್ಲ ನಕ್ಕರು. ಸವಿತಕ್ಕ ಮುಖ ಕೆಂಪಗೆ ಮಾಡಿಕೊಂಡು ಕೈಯನ್ನು ತಾನೇ ಮತ್ತೆ ಕಾಕಾನ ಮುಂದೆ ಚಾಚಿದಳು. ನಾನು ಬ್ಯಾಗಿನ ಕಡೆ ನೋಡಲೂ ಇಲ್ಲ. ನನ್ನ ಕೆಲಸದ ಮೇಲೆ ಫೈಲ್ ಆಡಿಸಿದರೆ ಗ್ಯಾರಂಟಿಯ ಗತಿ ಏನು?

ಎರಡು ಬಳೆ ಹೋದವು. ಮೂರನೆಯದಕ್ಕೆ ಕಾಕಾ ಕೈ ಹಿಂಡಿದಾಗ ಹೆಬ್ಬೆರಳ ಉದ್ದನೆಯ ಉಗುರಿನ ತುದಿ ಅವಳದೇ ಅಂಗೈಗೆ ನಾಟಿ ನಿಂತಿತು. ಕೈ ಮುಂದೆ ಸರಿಯಿತು, ಉಗುರು ಸರಿಯಲಿಲ್ಲ.

ಬಳೆ ಒಡೆಯಲಿಲ್ಲ. ನನ್ನ ಉಗುರೂ ಮುರಿಯಲಿಲ್ಲ. ಅದು ಸವಿತಕ್ಕನ ಸ್ವಂತ ಉಗುರನ್ನು ಬುಡಸಮೇತ ಎಬ್ಬಿಸಿಕೊಂಡು, ಒಂದು ಚೂರೂ ಕೆಡದೆ, ಬೆಳ್ಳಿ ಚುಕ್ಕಿಯ ಸಮೇತ ಕಾಕಾನ ಅಂಗೈಗೆ ಬಂತು.

ಈ ಜಾಗದಲ್ಲಿ ನಗು ಬರುವಂಥದ್ದು ಏನಾದರೂ ಬರೆಯೋಣ ಅಂತ ಮೂರು ಸಲ ಕೂತೆ. ಆಗಲಿಲ್ಲ. ಸವಿತಕ್ಕ ಕೂಗಲೂ ಇಲ್ಲ. ಬೆರಳನ್ನೇ ನೋಡುತ್ತಾ ಕೂತಿದ್ದಳು, ಅದು ಬೇರೆ ಯಾರದೋ ಅನ್ನುವ ಹಾಗೆ.

ಕಾಕಾ ಹೆಗಲ ಮೇಲಿನ ಟಾವೆಲ್ಲಿನಿಂದ ಬೆರಳು ಸುತ್ತಿ ಒತ್ತಿ ಹಿಡಿದರು. ಅವರ ಎರಡೂ ಕೈಗೆ ರಕ್ತ ಹತ್ತಿತ್ತು. ಬಳೆ ಇಡಿಸುವಾಗ ರಕ್ತ, ಅದೂ ಗಂಡಿನ ಕಡೆಯವರ ಕಣ್ಣೆದುರು. ಇಂಥ ಅಪಶಕುನಕ್ಕೆ ತಕ್ಷಣ ಒಬ್ಬರು ಬೇಕಾಗುತ್ತಾರೆ, ಹೌದಲ್ಲ? ಇಷ್ಟು ಗಟ್ಟಿ ಉಗುರನ್ನೇ ಕಿತ್ತನಲ್ಲ, ಎಂಥ ಹಿಡಿತ ಹಿಡಿದಿರಬೇಕು ಅಂತ ಒಬ್ಬಳು ಅಂದಳು. ನನ್ನ ಗ್ಯಾರಂಟಿಯೇ ಅವರ ಮೇಲೆ ಸಾಕ್ಷಿ ಹೇಳಿತು. ವಯಸ್ಸಾದ ಮೇಲೆ ಕೈ ಹದ ತಪ್ಪುತ್ತದೆ ಅಂತ ಇನ್ನೊಬ್ಬಳು ಅಂದಳು.

ಕೊನೆಗೆ ಆಯಿ ಎದ್ದು ನಿಂತಳು. “ಮಲ್ಲಪ್ಪ, ನಿನ್ನ ಕೈ ಕೆಟ್ಟೈತಿ. ಇನ್ನ ನಮ್ಮ ಮನ್ಯಾಗ ಬಳಿ ಇಡಬ್ಯಾಡ. ಏಳ.”

ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಹತ್ತಿ ಹುಡುಕುವವಳ ಹಾಗೆ ಬ್ಯಾಗಿನೊಳಗೆ ತಲೆ ಹಾಕಿದೆ. ಅವರು ಬಳೆಗಳ ಕಟ್ಟನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಉಳಿದ ಬಳೆಗಳನ್ನು ಹೆಂಗಸರೇ ದೊಡ್ಡ ಅಳತೆಯದು ತಂದು ಸಡಿಲವಾಗಿ ಹಾಕಿದರು.

ವಿಡಿಯೋದಲ್ಲಿ ಎಲ್ಲ ಇತ್ತು. ಕಾಕಾ ಎಚ್ಚರಿಸಿದ್ದು, ನಾನು ಕೊಚ್ಚಿಕೊಂಡದ್ದು, ಸ್ಪಷ್ಟವಾಗಿ. ಮೂಡಲಗಿಯ ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಡಿಲೀಟ್ ಮಾಡಿದೆ. ಡಿಲೀಟ್ ಆದದ್ದು ಇನ್ನೊಂದು ಕಡೆ ಮೂವತ್ತು ದಿನ ಉಳಿಯುತ್ತದಲ್ಲ, ಅಲ್ಲಿಂದಲೂ ತೆಗೆದೆ. ನಾನು ಅಷ್ಟು ಹುಷಾರು.

ಮೌಶಿಗೆ ಗೊತ್ತಾಗಲು ಒಂದು ದಿನವೂ ಬೇಕಾಗಲಿಲ್ಲ. ಪುಡಿಯ ಡಬ್ಬಿ ಹಗುರಾಗಿತ್ತು. ಬೈಯುತ್ತಾಳೆ ಅಂದುಕೊಂಡೆ. ಅವಳು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

“ಮುರದ್ರ ನಾ ಹತ್ತ ನಿಮಿಷದಾಗ ಮತ್ತ ಕೂಡಸ್ತೇನಿ,” ಅಂದಳು. “ಎಲ್ಲಿ ಮುರೀಬೇಕೋ ಅಲ್ಲಿ ಮುರಿಯೂ ಹಂಗ ಮಾಡೂದ ನನ್ನ ಕೆಲಸ. ಬುಡ ಕಿತ್ತ ಬಂದ್ರ ನಾ ಏನ ಮಾಡ್ಲಿ?”

ಮದುವೆ ನಡೆಯಿತು. ಸವಿತಕ್ಕ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಅಕ್ಷತೆ ಹಾಕಿಸಿಕೊಂಡಳು. ಉಗುರು ಪೂರ್ತಿ ಬರಲು ತಿಂಗಳುಗಟ್ಟಲೆ ಬೇಕು, ನೆಟ್ಟಗೆ ಬರುತ್ತದೆ ಅಂತ ಹೇಳಲಾಗದು ಅಂತ ಡಾಕ್ಟರ್ ಹೇಳಿದ್ದಾರಂತೆ. ಹುಕ್ಕೇರಿಗೆ ಹೋದ ಮೇಲೆ ಒಮ್ಮೆ ಫೋನ್ ಮಾಡಿದ್ದಳು. ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದೇನೆ ಅಂದಳು. ಉಗುರು ದಪ್ಪ ಇದ್ದದ್ದೇ ಕಾರಣ ಅಂತ ಯಾರಿಗೂ ಹೇಳಬೇಡ ಅಂತ ಕೇಳಿಕೊಂಡಳು. ಈಗ ಎಲ್ಲರೂ ಬಳೆಗಾರನನ್ನು ಬೈಯುತ್ತಾರೆ. ನಿಜ ತಿಳಿದರೆ ತನ್ನ ಶೋಕಿಯನ್ನೇ ದಿನಾ ಎತ್ತಿ ಆಡುತ್ತಾರೆ ಅಂದಳು. ನಾನು ಹೂಂ ಅಂದೆ. ಇಷ್ಟು ಸಂತೋಷದಿಂದ ನಾನು ಯಾರ ಮಾತಿಗೂ ಒಪ್ಪಿದ್ದಿಲ್ಲ.

ಆಮೇಲೆ ಅದೇ ಓಣಿಯಲ್ಲಿ ಒಬ್ಬರ ಮನೆಯ ಕುಬಸ ಆಯಿತು. ಬಸುರಿಗೆ ಹಸಿರು ಬಳೆ ಇಡಲು ಬೇರೆ ಊರಿನ ಬಳೆಗಾರನನ್ನು ಕರೆಸಿದರು. ಇನ್ನೊಂದು ಮದುವೆಗೂ ಹಾಗೇ ಆಯಿತು. ಓಣಿಯಲ್ಲಿ ಈಗ ಮಲ್ಲಪ್ಪ ಕಾಕಾನ ಹೆಸರು ತೆಗೆದರೆ ‘ಕೈ ಕೆಟ್ಟಾಂವ’ ಅನ್ನುತ್ತಾರೆ ಅಂತ ಮೌಶಿಯ ಕಸ್ಟಮರ್ ಒಬ್ಬಳು ಹೇಳಿದಳು. ನಾನು ಆಗ ಅವಳ ಉಗುರಿನ ಬಣ್ಣ ಒರೆಸುತ್ತಿದ್ದೆ.

ಹೋದ ವಾರ ಕಾಕಾನ ಅಂಗಡಿಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ. ಬಟ್ಟೆಯಿಂದ ಬಳೆಗಳ ಧೂಳು ಒರೆಸುತ್ತಿದ್ದರು. ತಪ್ಪು ನನ್ನದು, ಉಗುರು ದಪ್ಪ ಮಾಡಿದ್ದು ನಾನು, ನೀವು ಹೇಳಿದರೂ ಕಡಿಯಲಿಲ್ಲ, ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. (ಮನೆಯಲ್ಲಿ ನಾಲ್ಕು ಸಲ ಪ್ರಾಕ್ಟೀಸ್ ಮಾಡಿದ್ದೆ. ಈ ನಾಲ್ಕು ಖರೇನೇ ನಾಲ್ಕು.)

ಕಾಕಾ ಒರೆಸುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತಿಲ್ಲೇನ? ಉಗುರ ಏಳಾಕತ್ತಿದ್ದು ಮೊದಲ ಗೊತ್ತಾಗಿದ್ದ ನನ್ನ ಬೆರಳಿಗೆ. ಕೈ ಬಿಡೂದ್ರಾಗ ಆಗಿ ಹೋತು.”

ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

“ರಕ್ತ ಹತ್ತಿದ್ದು ನನ್ನ ಕೈಗೆ. ನನ್ನ ಮಾತ ಯಾರ ಕೇಳ್ತಿದ್ರು?” ಆಗ ತಲೆ ಎತ್ತಿ ನೋಡಿದರು. “ನಿನ್ನ ಮಾತ ಕೇಳ್ತಿದ್ರು. ಗೊತ್ತಿದ್ದಂವಗ ಬಂದ ಹೇಳಾಕತ್ತಿ ತಂಗಿ. ಗೊತ್ತಿಲ್ಲದವ್ರಿಗೆ ಯಾವಾಗ ಹೇಳ್ತಿ?”

ನಾನು ಸವಿತಕ್ಕನ ಮಾತು ಹೇಳಿದೆ. ಅವಳಿಗೆ ಹುಕ್ಕೇರಿಯಲ್ಲಿ ತೊಂದರೆ ಆಗುತ್ತದೆ ಅಂದೆ. ಕಾಕಾ ಮತ್ತೆ ಬಳೆಗಳ ಕಡೆ ತಿರುಗಿದರು. ಹೊರಗೆ ಬಂದ ಮೇಲೆ ನನಗೇ ಹೊಳೆಯಿತು. ಆಸೆ ಅವಳದಲ್ಲ, ನಾನೇ ಮೌಶಿಯ ಕಣ್ಣು ತಪ್ಪಿಸಿ, ಸುಳ್ಳು ಗ್ಯಾರಂಟಿ ಕೊಟ್ಟು ಹಾಕಿದೆ ಅಂತ ಆಯಿಯ ಮುಂದೆ ನಿಂತು ಹೇಳಿದರೆ ಮುಗಿಯಿತು. ಸವಿತಕ್ಕನ ಹೆಸರು ಎತ್ತುವ ಅಗತ್ಯವೇ ಇಲ್ಲ. ಇಷ್ಟು ದಿನ ನಾನು ಕಾಪಾಡುತ್ತಿದ್ದದ್ದು ಯಾರನ್ನು?

ಮೂಡಲಗಿ ಬಸ್ಸು ಅಂಗಡಿಯ ಮುಂದೆಯೇ ಹೋಗುತ್ತದೆ. ಎರಡು ಬಸ್ಸು ಬಂದವು. ಎರಡೂ ಖಾಲಿ ಇದ್ದವು. ನಾನು ಕೊಣ್ಣೂರಿನ ಬಸ್ಸು ಹತ್ತಿದೆ.

ಮನೆಗೆ ಬಂದು ಪೇಪರಿಗೆ ಇದನ್ನು ಬರೆದೆ, ಮಲ್ಲಪ್ಪ ಕಾಕಾನ ಕೈ ಕೆಟ್ಟಿಲ್ಲ ಅಂತ ಎಲ್ಲರೂ ಓದಲಿ ಎಂದು. ಆಯಿಯ ಮನೆಗೆ ಮಾತ್ರ ಪೇಪರ್ ಬರುವುದಿಲ್ಲ. ಅದು ನನಗೆ ಬರೆಯುವ ಮೊದಲೇ ಗೊತ್ತಿತ್ತು.