ಗಣಿಮಣ್ಣಿನ ಗುಡ್ಡದ ಕಾವಲುಗಾರ್ತಿ

೨೦೧೮ ಮಾರ್ಚ್ ೯, ಶುಕ್ರವಾರ. ಬೆಳಗ್ಗೆ ನೆಲದ ಮೇಲೆ ಹಿಮ ಹೆಪ್ಪುಗಟ್ಟಿತ್ತು. ಬಿಸಿಲೇರಿದಂತೆ ಬೆಟ್ಟದ ಕಡೆಯಿಂದ ಒಣಗಾಳಿ ಎದ್ದು ಸಂಜೆಯವರೆಗೂ ಬಿಡದೆ ಬೀಸಿತು.

ಪ್ಲೋಪು ಗ್ರಾಮದ ನೆತ್ತಿಯ ಮೇಲಿರುವ ಗಣಿಮಣ್ಣಿನ ಗುಡ್ಡದ ಗಿಡಗಳ ಕೊನೆಯ ತಪಾಸಣೆಗೆ ಕಚೇರಿಯ ಪರವಾಗಿ ಹೋಗಿದ್ದೆ. ಕಲ್ಲಿದ್ದಲು ಬಗೆದು ಮುಗಿಸಿದ ಕಂಪನಿ, ಹೊರಹಾಕಿದ ಮಣ್ಣನ್ನು ಊರಿನ ಹೊಲಗಳ ಮೇಲೆಯೇ ಸುರಿದು ಜಾಲಿ ಸಸಿಗಳನ್ನು ನೆಟ್ಟಿತ್ತು. ಹತ್ತಕ್ಕೆ ಎಂಟು ಗಿಡ ಬದುಕಿದ್ದರೆ ಗುಡ್ಡವನ್ನು ಹೊಲ ಕಳೆದುಕೊಂಡ ಮನೆಗಳಿಗೆ ಹಂಚಬೇಕೆಂಬುದು ಕರಾರು. ಬರುವ ಬೇಸಿಗೆಗೆ ಕಂಪನಿ ಶಾಶ್ವತವಾಗಿ ಬಾಗಿಲು ಹಾಕುತ್ತದೆ. ಈ ಬಾರಿ ತಪ್ಪಿದರೆ ಗುಡ್ಡ ಸರ್ಕಾರದ ಪಾಲು.

ಕಾವಲುಗಾರ್ತಿ ಸೆವಸ್ತಿತ್ಸಾಳ ಗಂಡನ ಹೊಲವೂ ಅದರಡಿಯಲ್ಲಿತ್ತು. ಗಂಡ ಕಲ್ಲಿದ್ದಲು ಸಾಗಿಸುವ ಯಂತ್ರದ ಬೆಲ್ಟಿಗೆ ಸಿಕ್ಕಿ ಸತ್ತ ಮೇಲೆ, ಪರಿಹಾರದ ಬದಲು ಈ ಕೆಲಸ ದಕ್ಕಿತ್ತು. ಸೌದೆ ಕಳ್ಳನೊಬ್ಬನ ಕೊಡಲಿಗೆ ಆಕೆಯ ಎಡಗೈಯ ಎರಡು ಬೆರಳು ಹೋಗಿದ್ದವು. ಅದೇ ಹೊತ್ತಿನಲ್ಲಿ ಸನಿಕೆಯಿಂದ ಅವನ ದವಡೆ ಮುರಿದಿದ್ದಳು. ಆಕೆಯನ್ನು ಹೊಡೆಯದ ಮನೆ ಪ್ಲೋಪುವಿನಲ್ಲಿ ಕಡಿಮೆ. ಆಕೆಯಿಂದ ಹೊಡೆಸಿಕೊಳ್ಳದ ಮನೆ ಇನ್ನೂ ಕಡಿಮೆ.

ಎಲೆಯಿಲ್ಲದ ಕಾಲವಾದ್ದರಿಂದ ಉಗುರಿನಿಂದ ತೊಗಟೆ ಕೆರೆದು ನೋಡಬೇಕು: ಒಳಗೆ ಹಸಿರಿದ್ದರೆ ಜೀವ, ಕಂದಾಗಿದ್ದರೆ ಸಾವು. ನಾನು ಕೆರೆಯುತ್ತಾ ನಡೆದೆ. ಆಕೆ ಪ್ರತಿ ಗಿಡಕ್ಕೂ ಉಸಿರು ಹಿಡಿದು ನಿಲ್ಲುತ್ತಿದ್ದಳು.

"ಮೆಲ್ಲಗೆ ಇಂಜಿನಿಯರ್ರೇ, ಕೋಳಿ ಪುಕ್ಕ ಕಿತ್ತಂಗೆ ಕೀಳ್ತೀರಲ್ಲ!"

ಎಣಿಕೆ ಮುಗಿದಾಗ ಹತ್ತಕ್ಕೆ ಎಂಟಕ್ಕಿಂತ ತುಸು ಹೆಚ್ಚೇ ಬಂದಿತ್ತು. ಹೇಳಿದೆ. ಆಕೆ ಮೂಗು ಒರೆಸಿಕೊಂಡು ಗುಡ್ಡದ ಬುಡದತ್ತ ತಿರುಗಿದಳು. ಅಲ್ಲಿ ಹೊಗೆ ಎದ್ದಿತ್ತು.

ಅಂದು ನಂಬಿಕೆಗಾಗಿ ಸತ್ತ ನಲವತ್ತು ಕ್ರೈಸ್ತ ಹುತಾತ್ಮರ ಹಬ್ಬ. ಹೆಂಗಸರು ಎಂಟರ ಆಕಾರದ ಹಿಟ್ಟಿನ ತುಂಡುಗಳನ್ನು ಸಕ್ಕರೆನೀರಿನಲ್ಲಿ ಬೇಯಿಸಿ ಅಕ್ರೋಟು ಉದುರಿಸುತ್ತಾರೆ. ಗಂಡಸರು ಹುತಾತ್ಮನಿಗೊಂದರಂತೆ ನಲವತ್ತು ಲೋಟ ದ್ರಾಕ್ಷಾರಸ ಕುಡಿಯಬೇಕೆನ್ನುತ್ತಾರೆ. ಹಳೆಯ ಹುಲ್ಲಿಗೆ ಬೆಂಕಿಯಿಟ್ಟು, ಚಳಿ ಹೊರಗೆ ಹೋಗಲೆಂದು, ಕಾವು ಒಳಗೆ ಬರಲೆಂದು ದೊಣ್ಣೆಗಳಿಂದ ನೆಲ ಬಡಿಯುತ್ತಾರೆ. ಅಜ್ಜಂದಿರ ಕಾಲದ ಹೊಲಗಳಲ್ಲಿ ಇದರಿಂದ ಕೇಡಿರಲಿಲ್ಲ. ಆದರೆ ಈ ಗುಡ್ಡದ ಮಣ್ಣಿನಲ್ಲಿ ಕಲ್ಲಿದ್ದಲಿನ ಪುಡಿಯಿದೆ. ಮೇಲೆ ಆರಿದ ಬೆಂಕಿ ಇಲ್ಲಿ ಒಳಗೆ ಇಳಿಯುತ್ತದೆ.

ಬೆಂಕಿಯಿಟ್ಟವನು ಆಕೆಯ ಮೈದುನ, ಕುರಿಗಾಹಿ ಗ್ಲಿಗೋರ್. ನಾವು ಇಳಿದಾಗ ಸುಟ್ಟ ಹುಲ್ಲಿನ ನಡುವೆ ನಿಂತು ನೆಲ ಬಡಿಯುತ್ತಿದ್ದ.

"ಬಾರಮ್ಮ ಅತ್ತಿಗೆ! ಚಳಿ ಓಡಿಸ್ತಾ ಇದೀನಿ. ಇಪ್ಪತ್ತಾರು ಲೋಟ ಆಯ್ತು, ಮಿಕ್ಕ ಹುತಾತ್ಮರು ಕಾಯ್ತಾ ಅವ್ರೆ!"

"ನಿನ್ನ ಸುಡ್ಲಿ, ಕುಡುಕ ನನ್ಮಗನೆ! ಇದು ನಿಮ್ಮಪ್ಪನ ಹೊಲ ಅಲ್ಲ ಕಣೋ, ಕೆಳಗೆ ಕಲ್ಲಿದ್ದಲು ಐತೆ!"

"ನಮ್ಮಪ್ಪನ ಹೊಲಾನೇ. ಮೇಲೆ ಕಸ ಸುರ್ದವ್ರೆ, ಅಷ್ಟೆ. ನನ್ ಕುರಿಗೆ ಹೊಸ ಹುಲ್ಲು ಬ್ಯಾಡ್ವಾ? ನಿನ್ ಮುಳ್ಳು ತಿನ್ಲಾ?"

ಆಕೆ ಅವನ ಕೈಯ ದೊಣ್ಣೆ ಕಸಿದಳು. ಅವನ ನಾಯಿ ಆಕೆಯ ಮೀನಖಂಡಕ್ಕೆ ಬಾಯಿ ಹಾಕಿತು. ಆಕೆ ದೊಣ್ಣೆ ತಿರುಗಿಸಿ ನಾಯಿಯ ತಲೆಗೆ ಹೊಡೆದಳು, ಅದು ಸತ್ತ ಮೇಲೂ ಮತ್ತೊಮ್ಮೆ. ಗ್ಲಿಗೋರ್ ಬೇಲಿಯ ಗೂಟ ಕಿತ್ತು ಆಕೆಯ ಭುಜಕ್ಕೆ ಬೀಸಿದ. ಎಲುಬು ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಡುವೆ ಹೋದ ನನ್ನ ಕಿವಿ ಗೂಟದ ತುದಿಗೆ ಸಿಕ್ಕಿ ಹರಿಯಿತು. ಮತ್ತೊಂದು ಏಟಿಗೆ ಗೂಟವೆತ್ತಿ ಅವನು ಹಿಂದೆ ಸರಿದಾಗ ನೆಲ ಕುಸಿದು, ತೊಡೆಯವರೆಗೆ ಇಳಿದುಹೋದ.

ಕೆಳಗೆ ಇಂದಿನ ಹುಲ್ಲಿನ ಬೆಂಕಿಯಲ್ಲ, ಹಿಂದಿನ ಹಬ್ಬಗಳಿಂದ ಒಳಗೊಳಗೇ ಉರಿದ ಕಲ್ಲಿದ್ದಲಿನ ಕೆಂಡವಿತ್ತು. ಅವನ ಅರಚಾಟವನ್ನು ಬರೆಯಲು ನನಗೆ ಸಾಧ್ಯವಿಲ್ಲ.

ಸೆವಸ್ತಿತ್ಸಾ ಹೊಟ್ಟೆಯ ಮೇಲೆ ಮಲಗಿ ಒಂದೇ ಕೈಯಿಂದ ದೊಣ್ಣೆ ಚಾಚಿದಳು. "ಹಿಡ್ಕೊಳೋ, ಹಂದಿ! ಬಿಟ್ರೆ ನಾನೇ ಕೊಲ್ತೀನಿ." ನಾನು ಆಕೆಯ ಕಾಲು ಹಿಡಿದೆ. ಅವನನ್ನು ಎಳೆದು ಹಾಕಿದಾಗ ಬಲಗಾಲಿನ ಬೂಟು ಅಲ್ಲೇ ಉಳಿಯಿತು, ಬೂಟಿನೊಂದಿಗೆ ಚರ್ಮವೂ.

ಆಂಬುಲೆನ್ಸ್ ಅವನನ್ನು ಒಯ್ದಿತು. ಆಕೆ ಹತ್ತಲು ಒಪ್ಪಲಿಲ್ಲ. ಅಷ್ಟರಲ್ಲಿ ಗುಡ್ಡದ ಮೇಲ್ಭಾಗದ ಬಿರುಕುಗಳಲ್ಲೂ ಹೊಗೆ ಕಾಣಿಸಿತು. ಬೆಂಕಿ ಹರಡದಿರಲು ಅದರ ಮುಂದೆ ಆಳವಾದ ಕಂದಕ ಅಗೆಯಬೇಕು. ಆ ಜಾಗದಲ್ಲಿದ್ದದ್ದು ಜಾಲಿಯ ಅತ್ಯುತ್ತಮ ಸಾಲುಗಳು. ನಾವು ಕರೆಸಿದ ಮೇಲೆ ಅಗೆಯುವ ಯಂತ್ರ ತಂದ ಊರಿನ ಚಾಲಕ ಫಾನೆ ಕೆಳಗಿಳಿದು ನನ್ನ ಮುಖ ನೋಡಿದ.

"ಇಂಜಿನಿಯರ್ರು ಮೊದ್ಲು ಸಹಿ ಹಾಕ್ಬಿಡ್ಲಿ ಅಕ್ಕ. ಎಣಿಕೆ ಆಗೈತಲ್ಲ. ಆಮ್ಯಾಕೆ ಅಗೀತೀನಿ. ಯಾರಿಗ್ ಗೊತ್ತಾಗ್ತದೆ?"

ನಾನು ಮಾತಾಡುವ ಮೊದಲೇ ಆಕೆ ಬಾಯಿ ತೆರೆದಳು. ಮುಖ ಸುಣ್ಣದಂತಾಗಿತ್ತು.

"ನೀನು ಸಹಿ ಕಾಯ್ತಾ ಕೂತ್ರೆ ಬೆಂಕಿ ಕಾಯ್ತದಾ? ಕೆಳಗೆ ಮನೆಗಳವೆ. ಉರಿಯೋ ಗುಡ್ಡನ ಹಂಚಿ, ಮಕ್ಕಳು ಅದ್ರ ಮೇಲೆ ನಡೀಲಾ? ಅಗಿ."

"ಅಕ್ಕ, ನಿನ್ ಸಾಲುಗಳು..."

"ನಂಗೆ ಕಣ್ಣಿಲ್ವೇನೋ? ಅಗಿ ಅಂದೆ."

ಎಲ್ಲಿಂದ ಎಲ್ಲಿಗೆ ಎಂಬುದನ್ನು ತಾನೇ ನಡೆದು ತೋರಿಸಿದಳು, ಭುಜ ಮುರಿದ ಕೈಯನ್ನು ನನ್ನ ಮಫ್ಲರಿನಲ್ಲಿ ಕಟ್ಟಿಕೊಂಡು. ಯಂತ್ರದ ಬಾಯಿಗೆ ಜಾಲಿಗಳು ಬೇರುಸಹಿತ ಬಂದವು. ಬೇರು ಹರಿಯುವಾಗಲೆಲ್ಲ ಆಕೆ ಬಯ್ಯುತ್ತಿದ್ದಳು, ಫಾನೆಯನ್ನೋ ಗ್ಲಿಗೋರನನ್ನೋ ಹುತಾತ್ಮರನ್ನೋ ತಿಳಿಯಲಿಲ್ಲ. ಬೆಂಕಿ ಕಂದಕದ ಆಚೆಗೆ ದಾಟಲಿಲ್ಲ.

ಉಳಿದವನ್ನು ಮತ್ತೆ ಎಣಿಸಿದೆ. ಹತ್ತಕ್ಕೆ ಏಳೂ ಬರಲಿಲ್ಲ. ವರದಿಯಲ್ಲಿ 'ತೇರ್ಗಡೆಯಿಲ್ಲ' ಎಂದು ಬರೆದು ಆಕೆಗೆ ಓದಿ ಹೇಳಿದೆ.

"ಸರಿಯಾಗಿ ಬರ್ದಿದೀರಿ," ಎಂದಳು. ಆಮೇಲೆ ಆಸ್ಪತ್ರೆಗೆ ಹೊರಡಲು ಒಪ್ಪಿದಳು.

ಇಂದಿನ ಖರ್ಚು: ಕಾರಿಗೆ ಪೆಟ್ರೋಲು, ನೂರ ಹತ್ತು ಲೇಯ್. ಫಾನೆಯ ಯಂತ್ರದ ಡೀಸೆಲ್ಲಿಗೆ ನನ್ನ ಕೈಯಿಂದ ಇನ್ನೂರು, ಕಚೇರಿ ಕೊಡಲಾರದು. ಬ್ಯಾಂಡೇಜು, ನೋವಿನ ಮಾತ್ರೆ, ಮೂವತ್ತೆಂಟು. ಆಸ್ಪತ್ರೆಯ ಅಂಗಳದಲ್ಲಿ ಎರಡು ಚಹಾ, ಆರು.