ಅಪ್ಪ ಪೇಡಾ ತಿಂದ ಕಾಲೇಜು

ಪಿಯುಸಿ ಫಲಿತಾಂಶ ಬಂದ ದಿನವೇ ನಮ್ಮ ವಠಾರದವರೆಲ್ಲ ಸೇರಿ ನನ್ನ ಡಿಗ್ರಿ ಕಾಲೇಜನ್ನು ಗೊತ್ತು ಮಾಡಿಬಿಟ್ಟಿದ್ದರು. ನನ್ನನ್ನು ಕೇಳುವುದೊಂದು ಬಾಕಿ ಇತ್ತು. ಬೈಯಪ್ಪನಹಳ್ಳಿಯ ಆ ವಠಾರದಲ್ಲಿ ಇದ್ದವರು ಹೆಚ್ಚಾಗಿ ನಮ್ಮ ಹಾಗೆಯೇ ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆಯಿಂದ ದುಡಿಯಲು ಬಂದವರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ನಲ್ಲಿ, ಹೀಗಾಗಿ ಒಬ್ಬರ ಸುದ್ದಿ ಎಲ್ಲರ ಸುದ್ದಿ. ನಲ್ಲಿಯ ಹತ್ತಿರ ಕೊಡ ಇಟ್ಟವರದೆಲ್ಲ ಒಂದೇ ರಾಗ: "ಯೂನಿವರ್ಸಿಟಿ ಒಂದ, ಪರೀಕ್ಷಾ ಒಂದ, ಕಡೀಗೆ ಬರೋ ಸರ್ಟಿಫಿಕೇಟೂ ಒಂದ. ಹತ್ರದ ಕಾಲೇಜ ಬಿಟ್ಟು ದೂರ ಯಾಕ ಹೋಗಬೇಕವ್ವಾ?"

ಮಾತು ಸುಳ್ಳಲ್ಲ. ಅರ್ಜಿ ಹಾಕುವುದು ವಿಶ್ವವಿದ್ಯಾಲಯಕ್ಕೆ. ಅದರ ಕೆಳಗಿರುವ ಹತ್ತಾರು ಕಾಲೇಜುಗಳಲ್ಲಿ ನಮಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಕೆ.ಆರ್. ಪುರದ ಕಡೆ ಒಂದು ಕಾಲೇಜಿತ್ತು. ವಠಾರದ ಹುಡುಗಿಯರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಆದರೆ ನನಗೆ ಬೇಕಾದ ಭೂವಿಜ್ಞಾನ ಅಲ್ಲಿರಲಿಲ್ಲ. ಅದು ಇದ್ದದ್ದು ಕಂಟೋನ್ಮೆಂಟಿನ ಒಂದು ಹಳೆಯ ಕಾಲೇಜಿನಲ್ಲಿ, ಶಿವಾಜಿನಗರಕ್ಕೆ ಹೋಗಿ ಅಲ್ಲಿಂದ ನಡೆಯಬೇಕು.

ಈ ಹುಚ್ಚು ಹಿಡಿಸಿದವರು ನನ್ನ ಹೆತ್ತವರೇ, ಅವರಿಗೇ ಗೊತ್ತಿಲ್ಲದೆ. ಅಪ್ಪನದು ಸೆಂಟ್ರಿಂಗ್ ಕೆಲಸ. ಕಾಂಕ್ರೀಟು ಸುರಿಯುವ ಮೊದಲು ಹಲಗೆ ಕೂರಿಸುವುದು. ಅವ್ವ ಈಗ ಇಂದಿರಾನಗರದ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಾಳೆ, ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಸೈಟಿಗೇ ಹೋಗುತ್ತಿದ್ದಳು. ನಾನು ಬೆಳೆದದ್ದು ಜಲ್ಲಿ ರಾಶಿಯ ಮೇಲೆ. ಚಿತ್ತಾಪುರದ ಹತ್ತಿರ ನಮ್ಮ ಊರಿನಲ್ಲಿ ಹೊಲದ ನೆಲ ಕಪ್ಪು. ಮನೆಯ ಗೋಡೆ, ನೆಲ, ಮಾಳಿಗೆ ಎಲ್ಲ ಫರ್ಸಿ ಎನ್ನುವ ಹಾಸುಗಲ್ಲಿನವು. ಇಲ್ಲಿ ಪಾಯ ತೋಡಿದರೆ ಕೆಂಪು ಮಣ್ಣು, ಅದರ ಕೆಳಗೆ ಯಾವ ಯಂತ್ರಕ್ಕೂ ಸುಲಭಕ್ಕೆ ಬಗ್ಗದ ಬಂಡೆ. ಯಾಕೆ ಹೀಗೆ ಎಂದು ಕೇಳಿದರೆ ಅಪ್ಪ "ದೇವರು ಹಂಗ ಮಾಡ್ಯಾನ" ಎನ್ನುತ್ತಿದ್ದ. ಅಷ್ಟಕ್ಕೆ ಸುಮ್ಮನಾಗುವ ಮಗಳಲ್ಲ ನಾನು. ದೇವರು ಮಾಡಿದ್ದಾದರೆ ಹೇಗೆ ಮಾಡಿದ ಎಂಬುದಾದರೂ ಗೊತ್ತಾಗಬೇಕಲ್ಲ.

ಅವ್ವ ಒಂದು ದಾರಿ ಹೇಳಿದಳು. "ಎರಡೂ ನೋಡಿಕೊಂಡು ಬರೂಣು. ಮನಿ ನೋಡಲಾರದ ಹೆಣ್ಣು ಕೊಡ್ತಾರೇನು?"

ನಮ್ಮ ಕಡೆ ಮಗಳನ್ನು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುತ್ತಾರೆ. ಹಿತ್ತಲು, ಅಡುಗೆಮನೆ, ದನದ ಕೊಟ್ಟಿಗೆ ಎಲ್ಲ ನೋಡುತ್ತಾರೆ, ನೆರೆಯವರನ್ನು ಮೆಲ್ಲಗೆ ವಿಚಾರಿಸುತ್ತಾರೆ. ಒಪ್ಪಿಗೆಯಾಗುವವರೆಗೆ ಆ ಮನೆಯ ಸಿಹಿ ಮುಟ್ಟುವುದಿಲ್ಲ, ಚಹಾ ಕೂಡ ಬೇಡ ಎನ್ನುತ್ತಾರೆ. ಸಿಹಿ ತಿಂದರೆ ಮಾತು ಕೊಟ್ಟಂತೆ. "ಸಕ್ರಿ ತಿಂದ್ರಂತ" ಎಂದರೆ ಸಂಬಂಧ ಗಟ್ಟಿಯಾಯಿತು ಎಂದೇ ಅರ್ಥ. ಇದೇ ಕಟ್ಟುಪಾಡಿನಲ್ಲಿ ನನ್ನ ಹೆತ್ತವರು ಕಾಲೇಜು ನೋಡಲು ಹೊರಟರು. ಅವ್ವ ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟಳು, ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ. ನಾನು ತಲೆ ತಗ್ಗಿಸಿ ಹಿಂದೆ ನಡೆಯಬೇಕಿತ್ತೇನೋ, ಆದರೆ ದಾರಿ ಗೊತ್ತಿದ್ದವಳು ನಾನೊಬ್ಬಳೇ. ಮುಂದೆ ನಡೆದೆ.

ಮೊದಲು ಕಂಟೋನ್ಮೆಂಟಿನದು. ಕಲ್ಲಿನ ಕಟ್ಟಡ, ಎತ್ತರದ ಕಿಟಕಿಗಳು, ಅಂಗಳದ ತುಂಬ ಮರಗಳು. ನನ್ನ ಎದೆ ಉಬ್ಬಿತು. ಅವ್ವ ಮರ ನೋಡಲಿಲ್ಲ, ನೆಟ್ಟಗೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋದಳು. ಹೊರಗೆ ಬಂದಾಗ ಸೆರಗು ಮೂಗಿನ ಮೇಲಿತ್ತು. "ದೂರದ ಗುಡ್ಡ ಕಣ್ಣಿಗೆ ನುಣ್ಣಗ" ಎಂದಳು.

ಭೂವಿಜ್ಞಾನದ ಕೋಣೆಗೆ ಬೀಗ ಹಾಕಿತ್ತು. ಅಟೆಂಡರ್ ಒಳ್ಳೆಯವರು, ನನ್ನ ಕಾಟ ತಾಳಲಾರದೆ ಬೀಗ ತೆಗೆದರು. ಗಾಜಿನ ಕಪಾಟುಗಳ ತುಂಬ ಕಲ್ಲುಗಳು, ಪ್ರತಿಯೊಂದಕ್ಕೂ ಹೆಸರು ಬರೆದ ಚೀಟಿ. ನಾನು ಗಾಜಿಗೆ ಮುಖ ಒತ್ತಿ ನಿಂತುಬಿಟ್ಟೆ. ಅಪ್ಪ ಒಂದು ಬೂದು ಬಣ್ಣದ ಚಪ್ಪಟೆ ಕಲ್ಲಿನ ಮುಂದೆ ನಿಂತು ಅಟೆಂಡರನ್ನು ಕೇಳಿದ: "ಇದು ಫರ್ಸಿ ಅಲ್ಲೇನ್ರಿ? ಇದನ್ಯಾಕ ಕಪಾಟಿನಾಗ ಇಟ್ಟೀರಿ? ನಮ್ಮೂರಾಗ ಇದರ ಮ್ಯಾಲ ಎಮ್ಮಿ ಕಟ್ಟತೀವಿ."

"ನಂಗೇನ್ ಗೊತ್ತು ಸಾರ್, ನಾನು ಬರೀ ಧೂಳು ಹೊಡೀತೀನಿ" ಎಂದು ಅವರು ನಕ್ಕರು. ಕ್ಯಾಂಟೀನಿನಲ್ಲಿ ಟೀ ಚೆನ್ನಾಗಿರುತ್ತೆ, ಕುಡಿದು ಹೋಗಿ ಎಂದೂ ಕರೆದರು. ಅಪ್ಪನ ಕಾಲು ಆ ಕಡೆ ತಿರುಗಿತು. ಅವ್ವ ಕಣ್ಣು ಕೆಕ್ಕರಿಸಿದಳು. ಕಾಲು ವಾಪಸು ಬಂತು.

ಗೇಟಿನ ಹೊರಗೆ ಹಣ್ಣು ಮಾರುತ್ತಿದ್ದ ಹೆಂಗಸನ್ನು ಅವ್ವ ನೆರೆಮನೆಯವಳೆಂದು ಲೆಕ್ಕ ಹಿಡಿದಳು. ಆಕೆಯದು ತಮಿಳು, ಅವ್ವನದು ಕಲಬುರಗಿ ಕನ್ನಡ. ನಡುವೆ ನಾನು ದುಭಾಷಿಯಾಗಲು ಹೋದರೆ ಇಬ್ಬರೂ ನನ್ನನ್ನು ಗದರಿದರು. ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ಹುಡುಗರು ತಂಟೆಯವರಲ್ಲ, ಸಂಜೆ ಹೊತ್ತಿಗೆ ಬಸ್ಸು ಸಿಗುತ್ತದೆ ಎನ್ನುವಷ್ಟು ಸಂಗತಿ ಅವ್ವನಿಗೆ ಸಿಕ್ಕಿತು.

ಮುಂದಿನ ವಾರ ಕೆ.ಆರ್. ಪುರದ ಕಾಲೇಜು. ಹೊಸ ಕಟ್ಟಡ, ಫಳಫಳ ಹೊಳೆಯುವ ಟೈಲ್ಸು. ಶೌಚಾಲಯ ನೋಡಿ ಬಂದ ಅವ್ವನ ಮುಖ ಅರಳಿತ್ತು. ಕಚೇರಿಯ ಮೇಡಂ ಕುರ್ಚಿ ಹಾಕಿಸಿದರು, "ಕೂತ್ಕೊಳ್ಳಿ ಅಮ್ಮಾ" ಎಂದರು. ಅಪ್ಪನಿಗೆ ಈ ಊರಲ್ಲಿ ಕುರ್ಚಿ ಕೊಟ್ಟು ಮಾತಾಡಿಸಿದವರು ಕಡಿಮೆ. ಅವನು ಅಲ್ಲೇ ಅರ್ಧ ಸೋತಿದ್ದ. ನಾನು ಗೋಡೆಯ ಮೇಲಿನ ವಿಷಯಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಮತ್ತೆ ಮತ್ತೆ ಓದುತ್ತಿದ್ದೆ. ಭೂವಿಜ್ಞಾನ ಇರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಮೇಡಂಗೆ ಮೊಮ್ಮಗು ಹುಟ್ಟಿತ್ತಂತೆ. ಬಂದವರಿಗೆಲ್ಲ ಪೇಡಾ ಹಂಚುತ್ತಿದ್ದರು. ಕುರ್ಚಿಯ ಮರ್ಯಾದೆಯಲ್ಲಿ ಮೈಮರೆತಿದ್ದ ಅಪ್ಪ ಪೇಡಾ ಬಾಯಿಗೆ ಹಾಕಿಕೊಂಡು, ಅರ್ಧ ಅವ್ವನ ಕೈಗೂ ಕೊಟ್ಟಿದ್ದ. ಮೊಮ್ಮಗುವಿನ ಸಿಹಿ ಬೇಡ ಎನ್ನುವುದು ಹೇಗೆ? ಅವಳೂ ತಿಂದಳು. ನುಂಗಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಸ್ ನಿಲ್ದಾಣದಲ್ಲಿ ಅಪ್ಪ ತೀರ್ಪು ಕೊಟ್ಟ. "ಸಿಹಿ ತಿಂದೀವಿ. ಇನ್ನ ಇದ ಕಾಲೇಜ."

"ಅದು ಕೂಸು ಹುಟ್ಟಿದ್ದಕ್ಕ ಕೊಟ್ಟಿದ್ದು, ನನ್ನ ಸಲುವಾಗಿ ಅಲ್ಲ!"

"ಯಾವುದರ ಸಲುವಾಗಿರಲಿ. ಹುಡುಗೀನ ಇಲ್ಲೇ ಸೇರಸ್ತೀವಿ ಅಂತ ಆ ಅಮ್ಮಾರಿಗೆ ಬಾಯಿಲೆ ಹೇಳೀನಿ, ಅದ ಬಾಯಿಲೆ ಪೇಡಾ ತಿಂದೀನಿ. ಮಾತು ಆಡಿದರ ಹೋತು, ಮುತ್ತು ಒಡದರ ಹೋತು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ, ಬಸ್ಸು ಲಾರಿಗಳ ಗದ್ದಲದಲ್ಲಿ, ಊರಿಗೆಲ್ಲ ಕೇಳುವ ಹಾಗೆ ಜಗಳ ಆಡಿದೆ. ಕಲ್ಲು ಓದಲು ಬಿಡದಿದ್ದರೆ ಯಾವ ಕಾಲೇಜೂ ಬೇಡ ಎಂದೆ. ಅಪ್ಪ ಸಿಕ್ಕಿಬಿದ್ದ ಅಪರಾಧಿಯಂತೆ ತಲೆ ತಗ್ಗಿಸಿದ, ಆದರೆ ಸೋಲಲಿಲ್ಲ. ಅವನು ಹಟಮಾರಿಯಲ್ಲ. ಮಾತಿಗೆ ತಪ್ಪುವುದೆಂದರೆ ಅವನಿಗೆ ನಿಜವಾಗಿ ಭಯ. ಮೇಸ್ತ್ರಿಗಳು ಕೂಲಿಯ ಮಾತು ತಪ್ಪಿದಾಗೆಲ್ಲ ಉಣ್ಣದೆ ಮಲಗಿದ್ದನ್ನು ಅವನು ಮರೆತಿರಲಿಲ್ಲ. ಅದು ಗೊತ್ತಿದ್ದೂ ನಾನು ಬಿಡಲಿಲ್ಲ. ಮೂರು ವರ್ಷ ಓದಬೇಕಾದವಳು ನಾನು.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಡಬ್ಬಿಗಾಗಿ ಕಾಯುತ್ತ ಹೊಸ್ತಿಲ ಮೇಲೆ ಕೂತಿದ್ದ. ನಾನು ಮತ್ತೆ ಶುರು ಮಾಡಿದೆ. "ಪೇಡಾ ತಿಂದವರು ನೀವಿಬ್ಬರು. ನಾ ತಿಂದಿಲ್ಲ. ನಾ ಯಾರಿಗೂ ಮಾತು ಕೊಟ್ಟಿಲ್ಲ."

"ಹುಡುಗಿ ಎಲ್ಲೆರ ತಿಂತಾಳೇನು? ದೊಡ್ಡವರು ತಿಂದರ ಮುಗೀತು" ಎಂದ ಅಪ್ಪ.

ಅವ್ವನ ಕೈ ನಿಂತಿತು. ಅವಳು ಅಪ್ಪನ ಕಡೆ ನೋಡದೆ, ಹಿಟ್ಟಿನ ಕಡೆ ನೋಡುತ್ತ ಹೇಳಿದಳು. "ನಮ್ಮವರು ನಿಮ್ಮ ಮನ್ಯಾಗ ಸಕ್ರಿ ತಿಂದು ಬಂದಾಗ ನಾ ಹಿತ್ತಲದಾಗ ಸಗಣಿ ಕುಳ್ಳ ಬಡೀತಿದ್ದೆ. ಕೈ ತೊಳಕೊಂಡು ಒಳಗ ಬಂದೆ, ಎಲ್ಲಾರೂ ನನ್ನ ನೋಡಿ ನಕ್ಕರು. ಯಾಕ ನಗತಾರಂತ ಗೊತ್ತಾಗಲಿಲ್ಲ. ಬಾಜು ಮನಿ ಹುಡುಗಿ ಹೇಳಿದಳು."

ಆ ಸಕ್ಕರೆ ಅಪ್ಪನ ಮನೆಯವರದು.

"ನಿಮ್ಮ ಮನಿ ಚಲೋನ ಇತ್ತು" ಎಂದಳು ಅವ್ವ. "ನೀವೂ ಚಲೋ ಇದ್ದೀರಿ. ಅದು ಮಾತಲ್ಲ. ಒಂದು ಮಾತು ಕೇಳಬೇಕಿತ್ತು." ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಷ್ಟು ವರ್ಷ ಅವಳ ಜೊತೆ ಬದುಕಿದ ನಾನು ಆ ಮಾತನ್ನು ಮೊದಲ ಸಲ ಕೇಳಿದ್ದೆ. ಅಪ್ಪನೂ ಮೊದಲ ಸಲವೇ ಕೇಳಿದ್ದಿರಬೇಕು. ನನಗೆ ಅವ್ವನ ಬಗ್ಗೆ ಹೆಮ್ಮೆಯಾಯಿತು.

ಅಪ್ಪ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಅದೇ ಬಿಳಿ ಅಂಗಿ ತೊಟ್ಟು "ನಡಿ" ಎಂದ. ಎಲ್ಲಿಗೆ ಎಂದು ಹೇಳಲಿಲ್ಲ. ಕೆ.ಆರ್. ಪುರದ ಬಸ್ಸು ಹತ್ತಿದಾಗ ನನ್ನನ್ನು ಅಲ್ಲೇ ಸೇರಿಸಲು ಹೊರಟಿದ್ದಾನೆ ಎಂದುಕೊಂಡೆ. ಕಚೇರಿಯಲ್ಲಿ ಮೇಡಂ ಮತ್ತೆ ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ, ಕೈ ಜೋಡಿಸಿದ.

"ಅಮ್ಮಾರ, ನಿನ್ನೆ ನಿಮ್ಮಲ್ಲಿ ಸಿಹಿ ತಿಂದಿದ್ವಿರಿ. ತಪ್ಪು ತಿಳ್ಕೋಬ್ಯಾಡ್ರಿ. ಹುಡುಗಿ ಒಪ್ಪಲಿಲ್ಲರಿ."

ಮೇಡಂ ಕನ್ನಡಕ ಸರಿಮಾಡಿಕೊಂಡು ನಮ್ಮಿಬ್ಬರನ್ನೂ ನೋಡಿದರು. "ಅಯ್ಯೋ, ನೀವಿನ್ನೂ ಅಪ್ಲಿಕೇಶನ್ನೇ ಹಾಕಿಲ್ವಲ್ಲ ಸಾರ್. ಇದನ್ನ ಹೇಳೋಕೆ ಬಂದ್ರಾ?"

"ಹೇಳಿ ಹೋಗಬೇಕಲ್ಲರಿ" ಎಂದ ಅಪ್ಪ.

ಅಲ್ಲಿಂದ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಸೈಬರ್ ಅಂಗಡಿಗೆ ಹೋಗಿ ಕಂಟೋನ್ಮೆಂಟಿನ ಕಾಲೇಜನ್ನು ಆರಿಸಿ ಅರ್ಜಿ ಹಾಕಿದೆವು. ಸೀಟು ಸಿಗುತ್ತದೆ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ, ಸಿಕ್ಕಿತು ಕೂಡ. ಈಗ ಅಲ್ಲೇ ಓದುತ್ತಿದ್ದೇನೆ; ಶೌಚಾಲಯದ ಬಗ್ಗೆ ಪ್ರಿನ್ಸಿಪಾಲರ ಹತ್ತಿರ ಹೋಗಿ ಜಗಳವನ್ನೂ ಆಡಿದ್ದೇನೆ.

ಆ ಸಂಜೆ ಅವ್ವ ಡ್ಯೂಟಿ ಮುಗಿಸಿ ಬಂದಾಗ ಅಪ್ಪನೇ ಚಹಾ ಕಾಸಿದ್ದ. ಕೆ.ಆರ್. ಪುರಕ್ಕೆ ಹೋಗಿ ಹೇಳಿ ಬಂದೆ ಎಂದ.

"ಏನಂತ ಹೇಳಿದ್ರಿ?" ಎಂದಳು ಅವ್ವ.

"ಹುಡುಗಿ ಒಪ್ಪಲಿಲ್ಲ ಅಂತ ಹೇಳಿದೆ."

ಅವ್ವ ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. "ಇನ್ನೊಮ್ಮಿ ಹೇಳ್ರಿ" ಎಂದಳು.

ಅಪ್ಪ ಇನ್ನೊಮ್ಮೆ ಹೇಳಿದ.