ಚಾಪೆಲ್ಲನ್ನು ತಬ್ಬಿಸುವವಳು

ಎನಿಡ್ ಪಾರ್ಡೋ ಒಂದು ಕಡೆ ಕುಳಿತದ್ದನ್ನು ಕಂಡವರು ನಮ್ಮೂರಿನಲ್ಲಿ ಯಾರೂ ಇಲ್ಲ. ಚಹಾ ಕುಡಿಯುವುದೂ ನಿಂತೇ, ಅದೂ ಅರ್ಧ ಕಪ್ಪು. ಗುಡ್ಡದ ಮೇಲಿನ ಎಂಟುನೂರು ವರ್ಷ ಹಳೆಯ ಚಾಪೆಲ್ಲಿನ, ಅಂದರೆ ನಮ್ಮ ಪುಟ್ಟ ಚರ್ಚಿನ, ಬೀಗದ ಕೈ ಅವಳ ಹತ್ತಿರವೇ ಇರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದು ಅರ್ಧ ದಾರಿ ಇಳಿದ ಮೇಲೆ, ಬಾವಲಿ ಹಿಕ್ಕೆ ಗುಡಿಸಿದೆನೋ ಇಲ್ಲವೋ ಎಂದು ಮತ್ತೆ ಹತ್ತುತ್ತಾಳೆ. ಪಕ್ಕದ ಮನೆಯವಳಾದ ನನಗೆ ಅವಳನ್ನು ನೋಡಿಯೇ ಮೊಣಕಾಲು ನೋಯುತ್ತದೆ.

ಪ್ರತಿ ವರ್ಷ ಬೇಸಿಗೆ ಮುಗಿಯುವಾಗ ಒಂದು ಭಾನುವಾರ ನಾವು ಚಾಪೆಲ್ಲನ್ನು ತಬ್ಬುತ್ತೇವೆ. ಊರವರೆಲ್ಲ ಕೈ ಕೈ ಹಿಡಿದು ಗೋಡೆಯ ಸುತ್ತ ನಿಂತು ಒಂದು ಹಾಡು ಹೇಳುವುದು, ಅಷ್ಟೇ. ಆದರೆ ಸುತ್ತು ಪೂರ್ತಿ ಕೂಡಬೇಕು. ಈಗ ಊರಿನ ಅರ್ಧ ಮನೆಗಳು ರಜೆಗೆ ಬಂದು ಹೋಗುವವರ ಪಾಲಾಗಿವೆ. ಈ ಸಲ ಸುತ್ತು ಕೂಡದಿದ್ದರೆ ಇದೇ ಕೊನೆ, ಇನ್ನು ಕೆಳಗಿನ ದೊಡ್ಡ ಚರ್ಚಿಗೇ ಬನ್ನಿ ಎಂದು ಪಾದ್ರಿ ಹೇಳಿಬಿಟ್ಟರು.

ಅಂದಿನಿಂದ ಎನಿಡ್ ಬಾಲ ಸುಟ್ಟ ಬೆಕ್ಕಾದಳು. ಮನೆ ಮನೆ ಬಾಗಿಲು ಬಡಿದಳು. ಕುರಿ ಸಾಕುವ ಹಂಫ್ರಿ, "ಮಂಡಿ ನೋವು ಕಣಮ್ಮ" ಎಂದು ಗೊಣಗಿದ.

"ಕೈ ಹಿಡಿಯೋಕೆ ಮಂಡಿ ಯಾಕೋ? ಪಬ್ಬಿಗೆ ಹೋಗೋವಾಗ ಎಲ್ಲಿಟ್ಟು ಹೋಗ್ತೀಯ ಆ ನೋವನ್ನ?"

ಹಂಫ್ರಿ ಬಂದ. ಗುಡ್ಡ ಸುತ್ತಲು ಬಂದಿದ್ದ ಅಪರಿಚಿತನೊಬ್ಬನನ್ನೂ ಅವನ ನಾಯಿಯ ಸಮೇತ ಎಳೆತಂದಳು.

ಅವಳು ಮಾತ್ರ ಸಾಲಿನಲ್ಲಿ ನಿಲ್ಲುವುದಿಲ್ಲ. ಗಂಡ ರಾಲ್ಫ್ ಬದುಕಿರುವವರೆಗೆ ಅವನ ಪಕ್ಕ ನಿಲ್ಲುತ್ತಿದ್ದಳು. ಅವನು ಹೋದ ಮೇಲೆ ಹೊರಗಿನಿಂದ ಸುತ್ತುತ್ತ, ನೀನು ಪಕ್ಕಕ್ಕೆ ಸರಿ, ನೀನು ಕೈ ಚಾಚು ಎಂದು ಎಲ್ಲರನ್ನೂ ಗದರಿಸುವುದೇ ಅವಳ ಕೆಲಸವಾಯಿತು. ನಾವೂ ಹಾಗೆಯೇ ಒಪ್ಪಿಕೊಂಡೆವು.

ಆ ಭಾನುವಾರ ಸುತ್ತು ಕೂಡಲಿಲ್ಲ. ಉತ್ತರದ ಗೋಡೆಯ ಬಳಿ, ನನಗೂ ಆ ನಾಯಿಯವನಿಗೂ ನಡುವೆ ಒಬ್ಬರಷ್ಟು ಜಾಗ ಉಳಿಯಿತು. ತೋಳಿನ ಹೊಲಿಗೆ ಬಿಚ್ಚುವ ಹಾಗೆ ಕೈ ಚಾಚಿದೆವು. ಎಟುಕಲಿಲ್ಲ.

"ನನ್ನ ಶಾಲು ಕೊಡ್ತೀನಿ, ಇಬ್ರೂ ಒಂದೊಂದು ತುದಿ ಹಿಡ್ಕೊಳ್ಳಿ" ಎಂದರು ಪಾದ್ರಿ.

ಎನಿಡ್ ಕೆಂಡವಾದಳು. "ಇದೇನು ಕುರಿ ಬೇಲೀನಾ ಸ್ವಾಮಿ, ಹಗ್ಗ ಕಟ್ಟೋಕೆ? ಮನುಷ್ಯರ ಕೈ ಬೇಕು!"

"ಹಾಗಾದ್ರೆ ನೀನೇ ಬಾರೇ!" ನಾನು ಕೂಗಿದೆ.

"ನಾನು ನಿಂತ್ರೆ ಆ ಕಡೆ ನೋಡೋರ್ಯಾರು?"

"ಆ ಕಡೆ ಗೋಡೆ ಇದೆ, ಎಲ್ಲೂ ಓಡಿಹೋಗಲ್ಲ. ಬಾ."

ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಹಿಂದೆ ತಿರುಗಿ ಗೇಟು ನೋಡಿದಳು, ಇನ್ನು ಯಾರೂ ಬರುವಂತಿರಲಿಲ್ಲ. ಕೊನೆಗೆ ಸಾಲಿನೊಳಗೆ ಕಾಲಿಟ್ಟು ಒಂದು ಕೈ ನನಗೆ, ಇನ್ನೊಂದು ಆ ಅಪರಿಚಿತನಿಗೆ ಕೊಟ್ಟಳು. ಸುತ್ತು ಕೂಡಿತು, ನಾವು ಹಾಡು ಹೇಳಿ ಮುಗಿಸಿದೆವು.

ಪಾದ್ರಿ ಚಪ್ಪಾಳೆ ತಟ್ಟಿದರು. ಸುತ್ತು ಕಳಚಿತು. ಜನ ಚಹಾದ ಮೇಜಿನ ಕಡೆ ನುಗ್ಗಿದರು, ನಾಯಿಯವನೂ ಹೋದ.

"ಮುಗೀತು ಕಣೇ, ಕೈ ಬಿಡು" ಎಂದೆ. "ಹಂಫ್ರಿ ಕೇಕೆಲ್ಲ ಖಾಲಿ ಮಾಡ್ತಾನೆ."

"ಇರೇ ಹಿಲ್ಡಾ" ಎಂದಳು ಎನಿಡ್, ಗೋಡೆಯಿಂದ ಕಣ್ಣು ತೆಗೆಯದೆ. "ಈಗ ಬಿಟ್ರೆ ಇನ್ನು ಬರೋ ವರ್ಷಾನೇ."

ನಾನು ಬಿಡಲಿಲ್ಲ.